ನ್ಯುಮೋನಿಯಾ ಇರುವ ಒಬ್ಬರೇ ರೋಗಿಗೆ ಮೂರು ನರ್ಸಿಂಗ್ ಡಯಾಗ್ನೋಸಿಸ್: ಸರಿಯಾದದ್ದು ಯಾವುದು ಅಂತ ತಿಳಿಯೋದು ಹೇಗೆ?

ಮೂರನೇ_ವರ್ಷ:
ಎಲ್ಲರಿಗೂ ನಮಸ್ಕಾರ. ಮೆಡಿಕಲ್ ವಾರ್ಡ್ ಪೋಸ್ಟಿಂಗ್‌ನಲ್ಲಿದ್ದೇನೆ. ಕೇರ್ ಪ್ಲಾನ್ (ರೋಗಿಗೆ ನರ್ಸ್ ಏನೇನು ಮಾಡಬೇಕು ಅನ್ನುವ ಯೋಜನೆ) ಬರೆಯಲು ನಮ್ಮ ಗುಂಪಿಗೆಲ್ಲ ಒಬ್ಬರೇ ರೋಗಿಯನ್ನು ಕೊಟ್ಟಿದ್ದಾರೆ. ಅದಕ್ಕೆ ಮೊದಲು ನರ್ಸಿಂಗ್ ಡಯಾಗ್ನೋಸಿಸ್, ಅಂದರೆ ನರ್ಸ್ ನಿಭಾಯಿಸುವ ತೊಂದರೆಯ ಹೆಸರು, ಆರಿಸಬೇಕು. ವಯಸ್ಸು ಅರವತ್ತು ದಾಟಿದೆ, ನ್ಯುಮೋನಿಯಾ. ಉಸಿರಾಟ ನಿಮಿಷಕ್ಕೆ 28. ಆಕ್ಸಿಜನ್ ಹಾಕದೆ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 91. ಹಳದಿ, ಅಂಟಂಟಾದ ಕಫ. ಕೆಮ್ಮುತ್ತಾರೆ, ಆದರೆ ಕಫ ಹೊರಗೆ ಬರುತ್ತಿಲ್ಲ. ಎಡಗಡೆ ಎದೆಯ ಕೆಳಭಾಗದಲ್ಲಿ ಗೊರಗೊರ ಸದ್ದು. ಮುಂದಕ್ಕೆ ಬಾಗಿಯೇ ಕೂತಿರುತ್ತಾರೆ. ರಾತ್ರಿ ನಿದ್ದೆ ಇಲ್ಲ, ಊಟ ಅರ್ಧಕ್ಕೇ ಬಿಡುತ್ತಾರೆ.

ನಾನು ಇನ್‌ಎಫೆಕ್ಟಿವ್ ಏರ್‌ವೇ ಕ್ಲಿಯರೆನ್ಸ್ ಅಂತ ಬರೆದೆ. ಗೆಳತಿ ಇಂಪೇರ್ಡ್ ಗ್ಯಾಸ್ ಎಕ್ಸ್‌ಚೇಂಜ್ ಬರೆದಳು. ಇನ್ನೊಬ್ಬ ಇನ್‌ಎಫೆಕ್ಟಿವ್ ಬ್ರೀದಿಂಗ್ ಪ್ಯಾಟರ್ನ್ ಬರೆದ. ಪುಸ್ತಕ ತೆಗೆದು ನೋಡಿದರೆ ಮೂರರ ಕೆಳಗೂ ನಮ್ಮ ರೋಗಿಯ ಲಕ್ಷಣಗಳು ಸಿಗುತ್ತವೆ! ಮೂವರೂ ನಮ್ಮದೇ ಸರಿ ಅಂತ ವಾದ ಮಾಡುತ್ತಿದ್ದೇವೆ. ಸೀನಿಯರ್‌ಗಳು ಬೆಡ್ ಹತ್ತಿರ ನಿಂತು ಒಂದೆರಡು ಪ್ರಶ್ನೆ ಕೇಳಿ ಥಟ್ ಅಂತ ಹೇಳಿಬಿಡುತ್ತಾರೆ. ಅದು ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ ತಾನಾಗೇ ಬರೋದಾ, ಅಥವಾ ಈಗಲೇ ಕಲಿಯೋ ದಾರಿ ಇದೆಯಾ?

ಟ್ಯೂಟರ್_ಮೇಡಂ:
ಕಲಿಯುವ ದಾರಿ ಖಂಡಿತ ಇದೆ. ನೀವು ಮೂವರು ವಾದ ಮಾಡುತ್ತಿದ್ದೀರಲ್ಲ, ಅದೇ ಒಳ್ಳೆಯ ಶುರು.

ಮೊದಲು ಈ ಮೂರೂ ಎಲ್ಲಿ ಬೇರೆಯಾಗುತ್ತವೆ ನೋಡಿ. ಏರ್‌ವೇ ಕ್ಲಿಯರೆನ್ಸ್ ಅಂದರೆ ಗಾಳಿ ಹೋಗುವ ದಾರಿಯಲ್ಲಿ ಕಫ ಕೂತಿದೆ, ಅದನ್ನು ತೆಗೆಯಲು ರೋಗಿಗೆ ಆಗುತ್ತಿಲ್ಲ. ಬ್ರೀದಿಂಗ್ ಪ್ಯಾಟರ್ನ್ ಅಂದರೆ ಎದೆ ಏರಿಳಿಯುವ ಕೆಲಸವೇ ಸರಿಯಾಗಿ ನಡೆಯುತ್ತಿಲ್ಲ: ಉಸಿರು ಮೇಲೆಮೇಲಿನದು, ವೇಗ ಹೆಚ್ಚು ಅಥವಾ ಕಡಿಮೆ, ಕುತ್ತಿಗೆಯ ಸ್ನಾಯುಗಳ ಸಹಾಯ ಬೇಕಾಗುತ್ತಿದೆ. ಗ್ಯಾಸ್ ಎಕ್ಸ್‌ಚೇಂಜ್ ಅಂದರೆ ಗಾಳಿ ಒಳಗೆ ಹೋದರೂ ಆಲ್ವಿಯೋಲೈನಲ್ಲಿ (ಶ್ವಾಸಕೋಶದ ಸಣ್ಣ ಗಾಳಿ ಚೀಲಗಳಲ್ಲಿ) ಆಕ್ಸಿಜನ್ ರಕ್ತಕ್ಕೆ, ಇಂಗಾಲದ ಡೈಆಕ್ಸೈಡ್ ಹೊರಕ್ಕೆ ಸರಿಯಾಗಿ ದಾಟುತ್ತಿಲ್ಲ.

ಈಗ ನಿಮ್ಮ ಸುಳಿವುಗಳನ್ನು ಒಂದೊಂದಾಗಿ ಹಿಡಿದು, ಇದು ಎಷ್ಟು ಡಯಾಗ್ನೋಸಿಸ್‌ಗೆ ಹೊಂದುತ್ತೆ ಅಂತ ಕೇಳಿಕೊಳ್ಳಿ. ಉಸಿರಾಟ 28 ಮೂರಕ್ಕೂ ಹೊಂದುತ್ತೆ. ಹಾಗಾಗಿ ಅದು ರೋಗಿಗೆ ತೊಂದರೆ ಇದೆ ಅಂತ ಹೇಳುತ್ತೆಯೇ ಹೊರತು ಯಾವ ತೊಂದರೆ ಅಂತ ಹೇಳಲ್ಲ. ಮುಂದಕ್ಕೆ ಬಾಗಿ ಕೂರೋದೂ ಹಾಗೇ, ಉಸಿರು ಸಾಲದವರು ಯಾವ ಕಾರಣಕ್ಕಾದರೂ ಹಾಗೆ ಕೂರುತ್ತಾರೆ. ಸ್ಯಾಚುರೇಶನ್ 91 ಸ್ವಲ್ಪ ಗ್ಯಾಸ್ ಎಕ್ಸ್‌ಚೇಂಜ್ ಕಡೆ ವಾಲುತ್ತೆ, ಆದರೆ ಕಫ ಕಟ್ಟಿಕೊಂಡರೂ ಸ್ಯಾಚುರೇಶನ್ ಇಳಿಯುತ್ತೆ. ಅಂಟು ಕಫ, ಕೆಮ್ಮಿದರೂ ಹೊರಬರದಿರೋದು, ಗೊರಗೊರ ಸದ್ದು — ಈ ಮೂರೂ ಸೇರಿದಾಗ ಬೊಟ್ಟು ಮಾಡೋದು ಒಂದೇ ಕಡೆಗೆ.

ನಿಮ್ಮ ಹತ್ತಿರ ಈಗ ಇರುವ ಮಾಹಿತಿಯಲ್ಲಿ ಏರ್‌ವೇ ಕ್ಲಿಯರೆನ್ಸ್‌ಗೇ ಆಧಾರ ಗಟ್ಟಿ. ಹಾಗಂತ ಗೆಳತಿ ಬರೆದದ್ದನ್ನು ಹರಿದು ಹಾಕಬೇಡಿ. ಎಬಿಜಿ (ರಕ್ತದಲ್ಲಿನ ಆಕ್ಸಿಜನ್, ಇಂಗಾಲದ ಡೈಆಕ್ಸೈಡ್ ಅಳೆಯುವ ಪರೀಕ್ಷೆ) ಬಂದಿದೆಯಾ? ರೋಗಿಗೆ ಗೊಂದಲ, ಮಂಕು ಏನಾದರೂ ಇದೆಯಾ? ಕಫ ತೆಗೆಸಿದ ಮೇಲೂ ಸ್ಯಾಚುರೇಶನ್ ಏರುತ್ತಿಲ್ಲವಾ? ಇದ್ದರೆ ಅದಕ್ಕೂ ಜಾಗ ಕೊಡಬೇಕು.

ವಾರ್ಡ್_ಸಿಸ್ಟರ್:
ಮೇಡಂ ಹೇಳಿದ್ದು ಸರಿ. ನಾನು ಬೆಡ್ ಪಕ್ಕದ ಮಾತು ಸೇರಿಸುತ್ತೇನೆ. ಪುಸ್ತಕ ಮುಚ್ಚಿಟ್ಟು ರೋಗಿಯ ಹತ್ತಿರ ಹೋಗಿ.

ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರು ತಪ್ಪಿದರೂ ಲೆಕ್ಕದಲ್ಲಿ ನಾಲ್ಕು ವ್ಯತ್ಯಾಸ ಆಗುತ್ತೆ. ಎಣಿಸುತ್ತಿದ್ದೀನಿ ಅಂತ ಅವರಿಗೆ ಹೇಳಬೇಡಿ, ನಾಡಿ ಹಿಡಿದವರ ಹಾಗೆ ಕೈ ಹಿಡಿದುಕೊಂಡೇ ಎಣಿಸಿ. ಆಮೇಲೆ ಬೆನ್ನಿನ ಕಡೆಯಿಂದ ಸ್ಟೆತಸ್ಕೋಪ್ ಇಟ್ಟು ಕೇಳಿ. ಈಗ ಚೆನ್ನಾಗಿ ಕೆಮ್ಮಲು ಹೇಳಿ. ತಕ್ಷಣ ಅದೇ ಜಾಗದಲ್ಲಿ ಮತ್ತೆ ಕೇಳಿ. ಗೊರಗೊರ ಸದ್ದು ಕಡಿಮೆಯಾದರೆ ಅಥವಾ ಜಾಗ ಬದಲಿಸಿದರೆ ದೊಡ್ಡ ನಾಳಗಳಲ್ಲಿ ಕಫ ಓಡಾಡುತ್ತಿದೆ ಅಂತ. ಕೆಮ್ಮಿದರೂ ಬದಲಾಗದ ಸಣ್ಣ ಚಟಪಟ ಸದ್ದಾದರೆ ತೊಂದರೆ ಇನ್ನೂ ಕೆಳಗಿದೆ. ಈ ಒಂದು ಪರೀಕ್ಷೆಗೆ ಐದು ನಿಮಿಷ ಸಾಕು, ನಿಮ್ಮ ಮೂವರ ವಾದ ಅರ್ಧ ಮುಗಿಯುತ್ತೆ.

ಇನ್ನೊಂದು ಪ್ರಶ್ನೆ ನೀವು ಯಾರೂ ಕೇಳಿಲ್ಲ. ಅವರಿಗೆ ಕಫ ಯಾಕೆ ಬರುತ್ತಿಲ್ಲ? ನೀರು ಕುಡಿಯದೆ ಕಫ ಗಟ್ಟಿಯಾಗಿದೆಯಾ? ಶಕ್ತಿ ಇಲ್ಲದೆ ಕೆಮ್ಮಿಗೆ ಜೋರು ಸಾಲುತ್ತಿಲ್ಲವಾ? ಅಥವಾ ಕೆಮ್ಮಿದರೆ ನೋವಾಗುತ್ತೆ ಅಂತ ತಡೆದುಕೊಳ್ಳುತ್ತಿದ್ದಾರಾ? ಡಯಾಗ್ನೋಸಿಸ್ ಹೆಸರು ಒಂದೇ ಆದರೂ ನಾವು ಮಾಡುವ ಕೆಲಸ ಬೇರೆ ಬೇರೆ. ಮೊದಲನೆಯದಕ್ಕೆ ಡಾಕ್ಟರ್ ನೀರಿಗೆ ಮಿತಿ ಹಾಕಿಲ್ಲದಿದ್ದರೆ ನೀರು ಜಾಸ್ತಿ ಕುಡಿಸಬೇಕು. ಎರಡನೆಯದಕ್ಕೆ ಕೂರಿಸೋ ಭಂಗಿ ಸರಿಮಾಡಿ, ಹಫ್ ಕೆಮ್ಮು (ಬಾಯಿ ತೆರೆದು ‘ಹಾ’ ಅಂತ ಜೋರಾಗಿ ಉಸಿರು ಬಿಡೋದು) ಹೇಳಿಕೊಡಬೇಕು. ಮೂರನೆಯದಕ್ಕೆ ಮೊದಲು ನೋವು ಇಳಿಸಬೇಕು, ಕೆಮ್ಮುವಾಗ ಆ ಪಕ್ಕಕ್ಕೆ ದಿಂಬು ಒತ್ತಿಹಿಡಿಯೋದು ಕಲಿಸಬೇಕು. ‘ರಿಲೇಟೆಡ್ ಟು ನ್ಯುಮೋನಿಯಾ’ (ಕಾರಣ ನ್ಯುಮೋನಿಯಾ) ಅಂತ ಬರೆದು ಮುಗಿಸಿದರೆ ಈ ಮೂರರಲ್ಲಿ ಯಾವ ಕೆಲಸ ಮಾಡಬೇಕು ಅಂತ ಮುಂದಿನ ಪಾಳಿಯವರಿಗೆ ಹೇಗೆ ಗೊತ್ತಾಗುತ್ತೆ?

ನಿರ್ವಾಹಕ:
ಒಂದು ವಿನಂತಿ. ಚರ್ಚೆ ಚೆನ್ನಾಗಿದೆ. ರೋಗಿಯ ಹೆಸರು, ಬೆಡ್ ನಂಬರ್, ಆಸ್ಪತ್ರೆ, ಫೋಟೋ ಯಾವುದನ್ನೂ ಇಲ್ಲಿ ಹಾಕಬೇಡಿ. ಈವರೆಗೆ ಯಾರೂ ಹಾಕಿಲ್ಲ, ಹಾಗೇ ಇರಲಿ.

ಮೂರನೇ_ವರ್ಷ:
ಸಿಸ್ಟರ್, ಇವತ್ತು ಬೆಳಿಗ್ಗೆ ಮೂವರೂ ಸೇರಿ ಹೋಗಿ ಕೇಳಿದೆವು. ಕೆಮ್ಮಿದ ಮೇಲೆ ಸದ್ದು ಕಡಿಮೆಯಾಯಿತು. ಆದರೆ ಅವರು ಪೂರ್ತಿ ಕೆಮ್ಮಲೇ ಇಲ್ಲ, ಅರ್ಧಕ್ಕೆ ನಿಲ್ಲಿಸಿ ಎಡಪಕ್ಕೆ ಹಿಡಿದುಕೊಂಡರು. “ಅಲ್ಲಿ ಚಳಕ್ ಅನ್ನುತ್ತೆ ಮಗಾ, ಅದಕ್ಕೇ ತಡ್ಕೋತೀನಿ” ಅಂದರು.

ಚಾರ್ಟ್‌ನಲ್ಲಿ ನೋವಿನ ಸ್ಕೋರ್ 0 ಅಂತಿದೆ. ಸುಮ್ಮನೆ ಕೂತಾಗ ಕೇಳಿದರೆ ಈಗಲೂ ನೋವಿಲ್ಲ ಅಂತಾರೆ. ಕೆಮ್ಮುವಾಗ ಎಷ್ಟು ಅಂತ ಕೇಳಿದರೆ 6 ಅಂದರು. ಗೊಂದಲ ಇಲ್ಲ, ಮಾತು ಸ್ಪಷ್ಟ.

ಈಗ ಹೀಗೆ ಬರೆಯೋಣ ಅಂತಿದ್ದೇವೆ: ಇನ್‌ಎಫೆಕ್ಟಿವ್ ಏರ್‌ವೇ ಕ್ಲಿಯರೆನ್ಸ್, ರಿಲೇಟೆಡ್ ಟು ಅಂಟು ಕಫ ಮತ್ತು ನೋವಿನಿಂದ ಕೆಮ್ಮು ತಡೆಯುವುದು, ಆಸ್ ಎವಿಡೆನ್ಸ್ಡ್ ಬೈ (ಅದಕ್ಕೆ ಆಧಾರವಾದ ಲಕ್ಷಣಗಳು) ಕೆಮ್ಮಿದರೂ ಕಫ ಬಾರದಿರುವುದು, ಎಡ ಕೆಳ ಎದೆಯಲ್ಲಿ ಗೊರಗೊರ ಸದ್ದು, ಉಸಿರಾಟ 28. ಜೊತೆಗೆ ಅಕ್ಯೂಟ್ ಪೇನ್ ಬೇರೆಯಾಗಿ.

ವಾರ್ಡ್_ಸಿಸ್ಟರ್:
ತುಂಬಾ ಚೆನ್ನಾಗಿ ಹಿಡಿದಿದ್ದೀರಿ. ಕೆಮ್ಮುವಾಗಿನ ಸ್ಕೋರ್ ಅನ್ನು ಚಾರ್ಟ್‌ನಲ್ಲಿ ಬೇರೆಯಾಗಿ ಬರೆಸಿ, ಡ್ಯೂಟಿ ಸ್ಟಾಫ್‌ಗೂ ಈಗಲೇ ಹೇಳಿ. ಕೇರ್ ಪ್ಲಾನ್ ಸಬ್ಮಿಟ್ ಮಾಡೋವರೆಗೆ ಕಾಯಬೇಡಿ. ನೋವಿನ ಔಷಧಿ ಕೆಲಸ ಶುರು ಮಾಡಿದ ಮೇಲೆ ಕೆಮ್ಮಿಸೋ ಹಾಗೆ ಸಮಯ ಹೊಂದಿಸಬಹುದು.

ಐಸಿಯು_ನೈಟ್:
ಒಳ್ಳೆ ಥ್ರೆಡ್. ನಿಖರತೆ ತಪ್ಪೋದು ಹೆಚ್ಚಾಗಿ ಓದು ಸಾಲದೆ ಅಲ್ಲ, ಮೊದಲು ಹೊಳೆದ ಹೆಸರಿಗೆ ಅಂಟಿಕೊಳ್ಳೋದರಿಂದ. ಅಡ್ಮಿಷನ್ ಹಾಳೆಯಲ್ಲಿ ಒಂದು ರೋಗದ ಹೆಸರು ಕಂಡರೆ ಸಾಕು, ಆಮೇಲೆ ಕಣ್ಣಿಗೆ ಬೀಳೋದೆಲ್ಲ ಅದಕ್ಕೆ ಹೊಂದುವ ಲಕ್ಷಣಗಳೇ. ಹೊಂದದ್ದನ್ನು ಮನಸ್ಸು ಬದಿಗೆ ತಳ್ಳಿಬಿಡುತ್ತೆ. ಡಾಕ್ಟರ್‌ಗಳಿಗೂ ಇದು ಆಗುತ್ತೆ. ಆಂಕರಿಂಗ್ (ಮೊದಲ ಊಹೆಗೆ ಅಂಟಿಕೊಳ್ಳೋದು), ಪ್ರಿಮೆಚೂರ್ ಕ್ಲೋಷರ್ (ಬೇಗ ತೀರ್ಮಾನಿಸಿ ಹುಡುಕೋದು ನಿಲ್ಲಿಸೋದು) ಅಂತೆಲ್ಲ ಹೆಸರಿಟ್ಟು ಅದನ್ನು ಓದಿಸುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ, ಯಾವ ಸರ್ಜಿಕಲ್ ವಾರ್ಡ್‌ನಲ್ಲೂ ಕಾಣಬಹುದು. ಆಪರೇಷನ್ ಆದ ರೋಗಿ. ರಾತ್ರಿ ಮಗ್ಗುಲು ಬದಲಿಸುತ್ತಲೇ ಇದ್ದಾರೆ, ಹೊದಿಕೆ ಕಿತ್ತು ಹಾಕುತ್ತಾರೆ, ಎದ್ದು ಕೂರಲು ನೋಡುತ್ತಾರೆ, ಸಿಡುಕುತ್ತಾರೆ. ‘ಆಂಕ್ಸೈಟಿ’ ಅಂತ ಬರೆದು ಧೈರ್ಯ ಹೇಳಿ ಬರೋದು ಸುಲಭ. ಆದರೆ ಚಡಪಡಿಕೆ ಅನ್ನೋದು ಆಕ್ಸಿಜನ್ ಕಡಿಮೆಯಾಗುತ್ತಿರುವ ಮೊದಲ ಸೂಚನೆ ಇರಬಹುದು, ಒಳಗೆ ರಕ್ತಸ್ರಾವ ಇರಬಹುದು, ನೋವು ಇರಬಹುದು. ಮೊದಲು ಸ್ಯಾಚುರೇಶನ್, ನಾಡಿ, ಬಿಪಿ, ಡ್ರೆಸ್ಸಿಂಗ್ ನೋಡಿ. ಅದೆಲ್ಲ ಸರಿ ಇದ್ದರೆ ಕ್ಯಾತಿಟರ್ (ಮೂತ್ರದ ನಳಿಕೆ) ಯಾವಾಗ ತೆಗೆದರು ಅಂತ ಕೇಳಿ. ತೆಗೆದು ಆರೇಳು ಗಂಟೆ ಆಗಿದೆ, ಮೂತ್ರ ಆಗಿಲ್ಲ. ಹೊಕ್ಕುಳ ಕೆಳಗೆ ಕೈ ಇಟ್ಟರೆ ಉಬ್ಬಿ ಬಿಗಿಯಾಗಿದೆ, ಬೆರಳಿಂದ ತಟ್ಟಿದರೆ ಮಂದ ಸದ್ದು. ಅವರಿಗೆ ಬೇಕಾದ್ದು ಧೈರ್ಯದ ಮಾತಲ್ಲ, ಮೂತ್ರ ಖಾಲಿಯಾಗೋದು. ಯೂರಿನರಿ ರಿಟೆನ್ಷನ್!

ಇದರ ಉಲ್ಟಾ ಕೂಡ ಇದೆ. ವಯಸ್ಸಾದವರು ತುಂಬಾ ಸುಮ್ನೆ ಮಲಗಿದ್ದಾರೆ, ಕರೆದರೆ ನಿಧಾನಕ್ಕೆ ಕಣ್ಣು ಬಿಡುತ್ತಾರೆ, ಯಾರಿಗೂ ತೊಂದರೆ ಕೊಡಲ್ಲ. ‘ಫಟೀಗ್’ ಅಂತಲೋ, ಬೇಜಾರಲ್ಲಿದ್ದಾರೆ ಅಂತಲೋ ಬರೆದುಬಿಡುತ್ತಾರೆ. ತಿಂಗಳುಗಳ ಹೆಸರನ್ನು ಡಿಸೆಂಬರ್‌ನಿಂದ ಹಿಂದಕ್ಕೆ ಹೇಳಿಸಿ ನೋಡಿ. ನಿನ್ನೆ ಹೇಗಿದ್ದರು ಅಂತ ಮನೆಯವರನ್ನು ಕೇಳಿ. ಗಮನ ನಿಲ್ಲುತ್ತಿಲ್ಲ, ನಿನ್ನೆ ಹೀಗಿರಲಿಲ್ಲ ಅಂದರೆ ಡೆಲಿರಿಯಂ (ದಿಢೀರ್ ಅಂತ ಬರುವ ಗೊಂದಲದ ಸ್ಥಿತಿ) ಇರಬಹುದು, ತಕ್ಷಣ ಡಾಕ್ಟರ್‌ಗೆ ತಿಳಿಸಬೇಕು. ಕೂಗಾಡೋ ಡೆಲಿರಿಯಂ ಎಲ್ಲರಿಗೂ ಕಾಣುತ್ತೆ, ಮೌನವಾಗಿರೋದು ತಪ್ಪಿಹೋಗುತ್ತೆ.

ನನ್ನ ಜೊತೆ ಬರುವ ವಿದ್ಯಾರ್ಥಿಗಳಿಗೆ ಹೇಳೋದು ಇಷ್ಟೇ. ಒಂದು ಹೆಸರು ಹೊಳೆದ ಕೂಡಲೇ ಪಕ್ಕದಲ್ಲಿ ಇನ್ನೆರಡು ಬರೆಯಿರಿ. ಪ್ರತಿಯೊಂದರ ಎದುರಿಗೆ, ‘ಇದು ನಿಜವಾಗಿದ್ದರೆ ಇನ್ನೇನು ಕಾಣಬೇಕಿತ್ತು?’ ಅಂತ ಬರೆಯಿರಿ. ಆಮೇಲೆ ಹೋಗಿ ಅದನ್ನು ಹುಡುಕಿ. ಸಿಗದಿದ್ದರೆ ‘ಸಿಗಲಿಲ್ಲ’ ಅಂತಲೂ ಬರೆಯಿರಿ.

ಹೊಸ_ಸ್ಟಾಫ್:
ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳಲೇಬೇಕು. ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ವಾರ್ಡ್‌ನಲ್ಲಿ ಒಬ್ಬರ ಬಾಯಲ್ಲೂ ಈ ಹೆಸರುಗಳನ್ನು ಕೇಳಿಲ್ಲ. ಕಂಪ್ಯೂಟರ್‌ನಲ್ಲಿ ಒಂದು ಪಟ್ಟಿ ಬರುತ್ತೆ, ಟಿಕ್ ಮಾಡಬೇಕು, ಅಷ್ಟೇ. ಡ್ಯೂಟಿಗೆ ಇರೋರು ಕಡಿಮೆ, ರೋಗಿಗಳು ಜಾಸ್ತಿ. ವಿದ್ಯಾರ್ಥಿಗಳು ಇಷ್ಟೊಂದು ಸಮಯವನ್ನು ಹೆಸರು ಆರಿಸೋದಕ್ಕೆ ಖರ್ಚು ಮಾಡೋ ಬದಲು ಕೈಕೆಲಸ ಕಲಿತರೆ ಒಳ್ಳೇದಲ್ವಾ?

ವಾರ್ಡ್_ಸಿಸ್ಟರ್:
ಬೇಜಾರೇನಿಲ್ಲಪ್ಪ, ಇದು ನಿಜವಾದ ಪ್ರಶ್ನೆ. ಹ್ಯಾಂಡ್‌ಓವರ್‌ನಲ್ಲಿ ನಾನೂ ‘ಇನ್‌ಎಫೆಕ್ಟಿವ್ ಏರ್‌ವೇ ಕ್ಲಿಯರೆನ್ಸ್’ ಅನ್ನಲ್ಲ. “ಕಫ ಇದೆ, ಪಕ್ಕೆನೋವಿಗೆ ಕೆಮ್ತಾ ಇಲ್ಲ, ನೋವಿನ ಇಂಜೆಕ್ಷನ್ ಆದ್ಮೇಲೆ ದಿಂಬು ಕೊಟ್ಟು ಕೆಮ್ಮಿಸಿ” ಅನ್ನುತ್ತೇನೆ. ಈ ಒಂದು ಮಾತಿನಲ್ಲಿ ತೊಂದರೆ, ಕಾರಣ, ಲಕ್ಷಣ, ಮಾಡಬೇಕಾದ್ದು ಎಲ್ಲ ಇದೆ ನೋಡಿ. ಆ ಯೋಚನೆಯ ಅಭ್ಯಾಸ ಬಂದದ್ದು ಕೇರ್ ಪ್ಲಾನ್ ಬರೆದೂ ಬರೆದೂ. ಕೈಕೆಲಸ ಬೇಕೇ ಬೇಕು. ಆದರೆ ಯಾವ ರೋಗಿಗೆ ಯಾವ ಕೈಕೆಲಸ ಅಂತ ಯಾರು ನಿರ್ಧರಿಸುತ್ತಾರೆ?

ಟಿಕ್ ಮಾಡೋ ಪಟ್ಟಿಯ ವಿಷಯದಲ್ಲಿ ನಿಮ್ಮ ಜೊತೆಗಿದ್ದೇನೆ. ಅದು ಸೂಚಿಸಿದ್ದನ್ನೆಲ್ಲ ಒಪ್ಪಿಕೊಂಡರೆ ಒಬ್ಬ ರೋಗಿಗೆ ಹತ್ತು ಡಯಾಗ್ನೋಸಿಸ್ ಬೀಳುತ್ತವೆ, ಯಾವುದಕ್ಕೂ ಯಾರೂ ಏನೂ ಮಾಡಲ್ಲ.

ಟ್ಯೂಟರ್_ಮೇಡಂ:
ಸ್ವಲ್ಪ ಹಿನ್ನೆಲೆ ಹೇಳಿದರೆ ಹೊಸ ಸ್ಟಾಫ್ ಅವರ ಪ್ರಶ್ನೆಗೆ ಇನ್ನಷ್ಟು ಉತ್ತರ ಸಿಗಬಹುದು. 1973ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕ್ರಿಸ್ಟಿನ್ ಗೆಬ್ಬಿ ಮತ್ತು ಮೇರಿ ಆ್ಯನ್ ಲ್ಯಾವಿನ್ ಎಂಬ ಇಬ್ಬರು ನರ್ಸ್ ಅಧ್ಯಾಪಕಿಯರು ಒಂದು ಸಮ್ಮೇಳನ ಕರೆದರು. ನರ್ಸ್‌ಗಳು ದಿನವೂ ನೋಡುವ, ನಿಭಾಯಿಸುವ ಸಮಸ್ಯೆಗಳಿಗೆ ಎಲ್ಲರೂ ಒಪ್ಪುವ ಹೆಸರು ಇಲ್ಲದಿದ್ದರೆ ಆ ಕೆಲಸ ದಾಖಲೆಯಲ್ಲಿ ಕಾಣೋದೇ ಇಲ್ಲ, ಅಲ್ವಾ? ಆ ಕೆಲಸ ಮುಂದುವರಿದು 1982ರಲ್ಲಿ ನಾಂಡಾ (ನಾರ್ತ್ ಅಮೆರಿಕನ್ ನರ್ಸಿಂಗ್ ಡಯಾಗ್ನೋಸಿಸ್ ಅಸೋಸಿಯೇಷನ್) ಸಂಸ್ಥೆ ಆಯಿತು. ಅದರ ಮೊದಲ ಅಧ್ಯಕ್ಷೆ ಮಾರ್ಜರಿ ಗಾರ್ಡನ್. ತೊಂದರೆ, ಕಾರಣ, ಲಕ್ಷಣ ಅಂತ ಮೂರು ಭಾಗಗಳಲ್ಲಿ ಬರೆಯುವ ಪಿಇಎಸ್ ರೀತಿ ಅವರದ್ದೇ. ನಾಂಡಾ ಪಟ್ಟಿಯ 2021–2023ರ ಆವೃತ್ತಿಯಲ್ಲಿ 267 ಡಯಾಗ್ನೋಸಿಸ್‌ಗಳಿದ್ದವು, 13 ಡೊಮೇನ್‌ಗಳಲ್ಲಿ.

ನಿಖರತೆ ಬಗ್ಗೆಯೇ ಹೆಚ್ಚು ಕೆಲಸ ಮಾಡಿದವರು ಮಾರ್ಗರೆಟ್ ಲನ್ನಿ. ಅವರ ಅಳತೆಯಲ್ಲಿ ಏಳು ಹಂತ, +5ರಿಂದ −1ರವರೆಗೆ. ರೋಗಿಯಲ್ಲಿ ಕಂಡ ಸುಳಿವುಗಳಿಗೆಲ್ಲ ಸರಿಯಾಗಿ ಹೊಂದಿದರೆ +5. ಒಂದು ಸುಳಿವೂ ಇಲ್ಲದೆ ಬರೆದರೆ 0. ‘ಇದಲ್ಲ’ ಅಂತ ಸುಳಿವುಗಳೇ ಹೇಳುತ್ತಿದ್ದರೂ ಬರೆದರೆ −1. ನನಗೆ ಇದು ಯಾಕೆ ಇಷ್ಟ ಅಂದರೆ, ಸರಿ ತಪ್ಪು ಅಂತ ಎರಡೇ ಪೆಟ್ಟಿಗೆ ಇಲ್ಲ. ಮೊದಲ ದಿನ ಮೂರನೇ ವರ್ಷದವರು ಬರೆದದ್ದೂ ತಪ್ಪಲ್ಲ, ನೋವಿನ ವಿಷಯ ತಿಳಿದ ಮೇಲೆ ಬರೆದದ್ದು ಅದಕ್ಕಿಂತ ನಿಖರ.

ಮೊದಲ_ವರ್ಷ:
267! ಇಷ್ಟನ್ನೂ ಬಾಯಿಪಾಠ ಮಾಡಬೇಕಾ ಮೇಡಂ? ನಾವು ಈಗಷ್ಟೇ ಫಂಡಮೆಂಟಲ್ಸ್ ಶುರು ಮಾಡಿದ್ದೇವೆ.

ಟ್ಯೂಟರ್_ಮೇಡಂ:
ಬೇಡವೇ ಬೇಡ. ಈಗ ನಿಮ್ಮ ಗಮನ ಅಸೆಸ್‌ಮೆಂಟ್ ಮೇಲೆ ಇರಲಿ. ಗಾರ್ಡನ್ ಅವರ 11 ಫಂಕ್ಷನಲ್ ಹೆಲ್ತ್ ಪ್ಯಾಟರ್ನ್ಸ್ ಇವೆಯಲ್ಲ, ಆಹಾರ, ಮಲಮೂತ್ರ, ಚಟುವಟಿಕೆ, ನಿದ್ದೆ, ಯೋಚನೆ, ಸಂಬಂಧಗಳು ಹೀಗೆ, ಆ ಕ್ರಮದಲ್ಲಿ ರೋಗಿಯ ಜೊತೆ ಮಾತಾಡೋದು ಕಲಿಯಿರಿ. ಪೋಸ್ಟಿಂಗ್‌ನಲ್ಲಿ ಪದೇಪದೇ ಸಿಗುವ ಡಯಾಗ್ನೋಸಿಸ್‌ಗಳ ಅರ್ಥ ಮತ್ತು ಲಕ್ಷಣಗಳನ್ನು ಮಾತ್ರ ಚೆನ್ನಾಗಿ ತಿಳಿದುಕೊಳ್ಳಿ. ಉಳಿದದ್ದಕ್ಕೆ ಪುಸ್ತಕ ಇದೆ.

ಮನೆಭೇಟಿ_ನರ್ಸ್:
ಆಸ್ಪತ್ರೆಯ ಹೊರಗಿನದ್ದೂ ಒಂದು ಹೇಳಲಾ? ‘ರೋಗಿ ಮಾತ್ರೆ ತಗೊಳ್ತಾ ಇಲ್ಲ, ಮಾತು ಕೇಳಲ್ಲ’ ಅಂತ ರೆಫರಲ್ ಬರುತ್ತೆ. ಮನೆಗೆ ಹೋಗಿ ಕೂತು, “ಬೆಳಿಗ್ಗೆ ಮಾತ್ರೆ ಹೇಗೆ ತಗೋತೀರಿ, ಒಂದ್ಸಲ ತೋರಿಸಿ” ಅಂತೀನಿ. ಸಂಧಿವಾತದಿಂದ ಬೆರಳು ಸೊಟ್ಟಗಾಗಿವೆ. ಸ್ಟ್ರಿಪ್ ಒತ್ತುತ್ತಾರೆ, ಫಾಯಿಲ್ ಹರಿಯಲ್ಲ, ಕೈ ನಡುಗುತ್ತೆ, ಕೊನೆಗೆ ಸ್ಟ್ರಿಪ್ ಪಕ್ಕಕ್ಕಿಟ್ಟು ಸುಮ್ಮನಾಗುತ್ತಾರೆ. ಇನ್ನೊಬ್ಬರು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಹೊರಗೆ ಹೋಗೋ ದಿನ ಬಿಡುತ್ತಾರೆ, ದಾರಿಯಲ್ಲಿ ಶೌಚಾಲಯ ಸಿಗಲ್ಲ ಅಂತ ಭಯ. ಇವರಿಬ್ಬರಿಗೂ ಮಾತ್ರೆಯ ಮಹತ್ವದ ಬಗ್ಗೆ ಪಾಠ ಮಾಡಿದರೆ ಏನು ಪ್ರಯೋಜನ? ಒಬ್ಬರಿಗೆ ಸುಲಭವಾಗಿ ತೆರೆಯೋ ಡಬ್ಬಿ ಬೇಕು, ಇನ್ನೊಬ್ಬರಿಗೆ ಮಾತ್ರೆಯ ಹೊತ್ತನ್ನು ಬದಲಿಸಬಹುದಾ ಅಂತ ಡಾಕ್ಟರ್ ಹತ್ತಿರ ಮಾತಾಡಬೇಕು.

ನಾವು ಓದುವಾಗ ‘ನಾನ್‌ಕಂಪ್ಲಯನ್ಸ್’ (ಹೇಳಿದ ಚಿಕಿತ್ಸೆ ಪಾಲಿಸದಿರೋದು) ಅಂತ ಒಂದು ಡಯಾಗ್ನೋಸಿಸ್ ಇತ್ತು. ನಾಂಡಾ ಪಟ್ಟಿಯಿಂದ ಅದನ್ನು ಈಗ ತೆಗೆದಿದ್ದಾರೆ, ತೆಗೆದದ್ದೇ ಒಳ್ಳೆಯದಾಯಿತು. ನಾನು ಪ್ರತಿ ಸಲ ಬರೆಯುವ ಮೊದಲು ರೋಗಿಗೇ ಹೇಳಿ ನೋಡುತ್ತೇನೆ: “ನನಗೆ ಹೀಗನ್ನಿಸ್ತಾ ಇದೆ, ನಿಮಗೇನನ್ನಿಸುತ್ತೆ?” ಎಷ್ಟೋ ಸಲ ಅವರೇ ತಿದ್ದುತ್ತಾರೆ. ಈ ಹೆಜ್ಜೆಯನ್ನು ವಿದ್ಯಾರ್ಥಿಗಳಿಗೆ ಕಲಿಸೋದು ಕಡಿಮೆ, ಅದು ನನಗೆ ನಿಜಕ್ಕೂ ನೋವು ಕೊಡುತ್ತೆ.

ಮೂರನೇ_ವರ್ಷ:
ಇನ್ನೊಂದು ಡೌಟು. ‘ರಿಸ್ಕ್ ಫಾರ್’ (ಇನ್ನೂ ಬಂದಿಲ್ಲದ, ಬರಬಹುದಾದ ತೊಂದರೆ) ಬರೆಯುವಾಗ ಕ್ಲಾಸಿನಲ್ಲಿ ಕೆಲವರು ‘ಆಸ್ ಎವಿಡೆನ್ಸ್ಡ್ ಬೈ’ ಅಂತ ಹಾಕಿ ಲಕ್ಷಣಗಳನ್ನೂ ಬರೆಯುತ್ತಾರೆ. ಅದು ಸರಿಯಾ? ಕ್ಯಾನುಲಾ (ಡ್ರಿಪ್ ಹಾಕುವ ಸಣ್ಣ ನಳಿಕೆ) ಇದ್ದವರಿಗೆಲ್ಲ ‘ರಿಸ್ಕ್ ಫಾರ್ ಇನ್ಫೆಕ್ಷನ್’ ಬರೆಯೋದೂ ರೂಢಿ ಆಗಿಬಿಟ್ಟಿದೆ.

ವಾರ್ಡ್_ಸಿಸ್ಟರ್:
ಲಕ್ಷಣ ಬಂದಾಗಿದ್ದರೆ ಅದು ರಿಸ್ಕ್ ಅಲ್ಲ, ತೊಂದರೆ ಶುರುವಾಗಿದೆ. ರಿಸ್ಕ್‌ಗೆ ಬರೆಯೋದು ಅಪಾಯ ತರುವ ಅಂಶಗಳನ್ನು ಮಾತ್ರ.

ಹಾಸಿಗೆ ಹಿಡಿದವರ ಬೆನ್ನಿನ ಕೆಳಭಾಗ ನೋಡಿ. ಕೆಂಪಗಾಗಿದೆಯಾ? ಬೆರಳಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದ ಜಾಗ ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಡ ತೆಗೆದು, ಮಗ್ಗುಲು ಬದಲಿಸಿ, ಮತ್ತೆ ನೋಡಿ. ಬಿಳಿಚದೆ ಕೆಂಪಾಗೇ ಉಳಿದರೆ ಅದು ಮೊದಲ ಹಂತದ ಪ್ರೆಷರ್ ಇಂಜುರಿ (ಒತ್ತಡದಿಂದ ಆಗುವ ಗಾಯ). ಅಲ್ಲಿ ‘ರಿಸ್ಕ್ ಫಾರ್’ ಬರೆದರೆ ಮುಂದಿನ ಪಾಳಿಯವರು ಇನ್ನೂ ಏನೂ ಆಗಿಲ್ಲ ಅಂದುಕೊಳ್ಳುತ್ತಾರೆ. ಕಪ್ಪು ಚರ್ಮದವರಲ್ಲಿ ಕೆಂಪು, ಬಿಳಿಚಿಕೆ ಎರಡೂ ಸರಿಯಾಗಿ ಕಾಣಲ್ಲ. ಪಕ್ಕದ ಚರ್ಮಕ್ಕೆ ಹೋಲಿಸಿ ಬಿಸಿ ಇದೆಯಾ, ಗಟ್ಟಿ ಇದೆಯಾ ಅಥವಾ ಮೆತ್ತಗಿದೆಯಾ, ನೋವಿದೆಯಾ ಅಂತ ಮುಟ್ಟಿ ನೋಡಬೇಕು.

ಕ್ಯಾನುಲಾ ಇದ್ದವರಿಗೆಲ್ಲ ಇನ್ಫೆಕ್ಷನ್ ರಿಸ್ಕ್ ಬರೆಯೋದಕ್ಕೆ ನನ್ನ ವಿರೋಧ ಇದೆ. ಎಲ್ಲರಿಗೂ ಮಾಡಲೇಬೇಕಾದ ಕೆಲಸ ಅದು, ಬರೆದರೂ ಬರೆಯದಿದ್ದರೂ ಮಾಡಬೇಕು. ಸಕ್ಕರೆ ಕಾಯಿಲೆ, ಸ್ಟೀರಾಯ್ಡ್, ಕೀಮೋ ಹೀಗೆ ಈ ರೋಗಿಗೆ ಬೇರೆಯವರಿಗಿಂತ ಹೆಚ್ಚು ಅಪಾಯ ತರುವುದು ಏನಾದರೂ ಇದ್ದಾಗ ಬರೆಯಿರಿ. ಆಗ ಅದಕ್ಕೆ ಬೆಲೆ.

ಟ್ಯೂಟರ್_ಮೇಡಂ:
ಇಲ್ಲಿ ಅಧ್ಯಾಪಕರೂ ಓದುತ್ತಿದ್ದಾರೆ ಅಂತ ಗೊತ್ತು, ಅದಕ್ಕೆ ನಮಗೆ ನಾವೇ ಹೇಳಿಕೊಳ್ಳಬೇಕಾದ್ದನ್ನು ಹೇಳುತ್ತೇನೆ. ಪೂರ್ತಿ ಕೇಸ್ ಅನ್ನು ಒಂದೇ ಹಾಳೆಯಲ್ಲಿ ಕೊಟ್ಟರೆ ವಿದ್ಯಾರ್ಥಿಗಳು ಉತ್ತರ ಹುಡುಕುತ್ತಾರೆ, ಪ್ರಶ್ನೆ ಕೇಳೋದು ಕಲಿಯಲ್ಲ. ನಾನು ಈಗ ಕಂತುಕಂತಾಗಿ ಕೊಡುತ್ತೇನೆ. ಮೊದಲು ನಾಲ್ಕು ಸಾಲು. ಇನ್ನೇನು ತಿಳಿಯಬೇಕು ಅಂತ ಅವರು ಕೇಳಬೇಕು, ಕೇಳಿದ್ದಕ್ಕೆ ಮಾತ್ರ ಉತ್ತರ. ಯಾಕೆ ಕೇಳಿದಿರಿ ಅಂತಲೂ ಹೇಳಬೇಕು. ನಡುವೆ ಹೊಸ ಮಾಹಿತಿ ಬಂದಾಗ ಮೊದಲು ಬರೆದದ್ದನ್ನು ಇಟ್ಟುಕೊಳ್ಳುತ್ತೀರಾ, ಬದಲಿಸುತ್ತೀರಾ ಅಂತ ಕೇಳುತ್ತೇನೆ.

ಬೆಡ್ ಹತ್ತಿರ ನಾವು ಯೋಚಿಸೋದನ್ನು ಬಾಯಿಬಿಟ್ಟು ಹೇಳಬೇಕು. ‘ಈ ಸದ್ದು ಕೇಳಿದೆ, ಇದು ಅನ್ನಿಸಿತು, ಆದರೆ ಕಾಲು ಊದಿಲ್ಲ, ಹಾಗಾಗಿ ಅದನ್ನು ಸದ್ಯಕ್ಕೆ ಬಿಟ್ಟೆ’ ಅಂತ. ಥಟ್ ಅಂತ ಉತ್ತರ ಮಾತ್ರ ಕೊಟ್ಟರೆ ಅದು ಮಂತ್ರದ ಹಾಗೆ ಕಾಣುತ್ತೆ. ಮಾರ್ಕ್ಸ್ ಕೊಡುವಾಗಲೂ ಹೆಸರಿಗೆ ಕಡಿಮೆ, ಕಾರಣಕ್ಕೆ ಹೆಚ್ಚು. ಬೇರೆ ಎರಡನ್ನು ಯಾಕೆ ಬಿಟ್ಟರು ಅಂತ ಬರೆದವರಿಗೆ ನಾನು ಹೆಚ್ಚು ಕೊಡುತ್ತೇನೆ. ತಿದ್ದಿದ ಹಾಳೆ ರೋಗಿ ಡಿಸ್ಚಾರ್ಜ್ ಆಗಿ ಎರಡು ವಾರದ ಮೇಲೆ ಕೈಗೆ ಬಂದರೆ ಉಪಯೋಗವಿಲ್ಲ. ಅವತ್ತೇ ಮಾತಾಡಬೇಕು, ಹತ್ತು ನಿಮಿಷವಾದರೂ ಸರಿ.

ಹೊಸ_ಸ್ಟಾಫ್:
ಮೇಡಂ, ಹೀಗೆ ಕಲಿಸಿದ್ದರೆ ನನಗೂ ಆ ಪಟ್ಟಿಯ ಮೇಲೆ ಇಷ್ಟು ಸಿಟ್ಟು ಇರುತ್ತಿರಲಿಲ್ಲ ಅನ್ನಿಸುತ್ತೆ. ಒಂದು ಪ್ರಶ್ನೆ ಉಳಿದಿದೆ. ಒಮ್ಮೆ ಬರೆದ ಡಯಾಗ್ನೋಸಿಸ್ ಅನ್ನು ಯಾವಾಗ ಬದಲಿಸಬೇಕು? ನಮ್ಮಲ್ಲಿ ಅಡ್ಮಿಷನ್ ದಿನ ಹಾಕಿದ್ದು ಡಿಸ್ಚಾರ್ಜ್‌ವರೆಗೂ ಹಾಗೇ ಇರುತ್ತೆ.

ಐಸಿಯು_ನೈಟ್:
ನಾವು ಅಂದುಕೊಂಡಂತೆ ಕೆಲಸ ಮಾಡಿದ ಮೇಲೂ ರೋಗಿ ಸುಧಾರಿಸುತ್ತಿಲ್ಲ ಅಂದರೆ ಮೊದಲ ಅನುಮಾನ ಡಯಾಗ್ನೋಸಿಸ್ ಮೇಲೆ ಬರಬೇಕು. ಕಫ ತೆಗೆಸಿದಿರಿ, ಎದೆ ಸದ್ದು ತಿಳಿಯಾಯಿತು, ಆದರೂ ಸ್ಯಾಚುರೇಶನ್ ಏರುತ್ತಿಲ್ಲ ಅಂದುಕೊಳ್ಳಿ. ಏರ್‌ವೇ ಕ್ಲಿಯರೆನ್ಸ್‌ಗೆ ಇನ್ನಷ್ಟು ಕೆಮ್ಮಿಸೋದಲ್ಲ, ಗ್ಯಾಸ್ ಎಕ್ಸ್‌ಚೇಂಜ್ ಕಡೆ ತಿರುಗಬೇಕು, ಡಾಕ್ಟರ್‌ಗೂ ಆಗಲೇ ತಿಳಿಸಬೇಕು. ರೋಗಿಯ ಸ್ಥಿತಿ ಬದಲಾದಾಗ, ವಾರ್ಡ್ ಬದಲಾದಾಗ, ಆಪರೇಷನ್ ಆದಾಗ ಮತ್ತೆ ನೋಡಲೇಬೇಕು. ಏನೂ ಬದಲಾಗದಿದ್ದರೂ ಪ್ರತಿ ಪಾಳಿಯಲ್ಲಿ ಒಮ್ಮೆ ಕಣ್ಣಾಡಿಸಿ.

ಬದಲಿಸುವಾಗ ಹಳೆಯದನ್ನು ಅಳಿಸಬೇಡಿ. ತಾರೀಖು, ಹೊತ್ತು, ಯಾವ ಸುಳಿವು ನೋಡಿ ಬಿಟ್ಟಿರಿ ಅನ್ನೋದನ್ನು ಒಂದು ಸಾಲಿನಲ್ಲಿ ಬರೆಯಿರಿ. ರಾತ್ರಿ ಪಾಳಿಗೆ ಬಂದಾಗ ನಾನು ಮೊದಲು ಓದೋದು ಆ ಸಾಲನ್ನೇ. ಏನನ್ನು ಆಗಲೇ ನೋಡಿದ್ದಾರೆ, ಏನು ಬಾಕಿ ಇದೆ ಅಂತ ಅದರಿಂದಲೇ ಗೊತ್ತಾಗುತ್ತೆ.